ಸ್ಟೀಲ್ ಜಾಲರಿಯಲ್ಲಿ ಸೋಸಿದ ಹಾಲು

ಮಗಳ ಒಂದು ಕಡೆಯ ಜಡೆ ಹೆಣೆದು ಮುಗಿಸಿ, ಇನ್ನೊಂದು ಕಡೆಯ ಕೂದಲಿನ ಸಿಕ್ಕು ಬಿಡಿಸಿ ಪಾಲು ಮಾಡಿಕೊಂಡಿದ್ದೆ. ಅಷ್ಟರಲ್ಲಿ ಹಿಂಬಾಗಿಲು ದಡಾರನೆ ತೆರೆದುಕೊಂಡಿತು. ಮೊದಲು ಒಳಗೆ ಬಂದದ್ದು ವಾಸನೆ. ಅದರ ಹಿಂದೆ ನನ್ನ ಗಂಡ.

“ಜಡೆ ಗಿಡೆ ಎಲ್ಲ ಆಮೇಲೆ. ಬಸ್ ಮಾಲೀಕ ಹೊರಟೇಬಿಟ್ಟಿದಾನಂತೆ. ಅಂಗಡಿಗಲ್ಲ, ಇಲ್ಲಿಗೇ ಬರ್ತಾನೆ. ಇದನ್ನ ಫಳಫಳ ಮಾಡಿ ಕೊಡು ನೋಡೋಣ.”

ಅವರ ಕೈಯಲ್ಲಿ ಹಳೆಯ ಪೇಂಟಿನ ಡಬ್ಬಿ. ಅದರೊಳಗೆ ಕಪ್ಪು ಲೋಳೆಯಲ್ಲಿ ಮುಳುಗಿದ ಫಿಲ್ಟರು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಅದನ್ನು ಅಡುಗೆಮನೆಯ ಸಿಂಕಿನಲ್ಲಿ ಇಟ್ಟೇಬಿಟ್ಟರು. ಆಗಷ್ಟೇ ಕಾಸಿ ಇಳಿಸಿದ್ದ ಹಾಲಿಗೂ ಆ ಡಬ್ಬಿಗೂ ಗೇಣು ದೂರ. ತಟ್ಟೆ ಮುಚ್ಚಲು ಓಡಿದೆ. ಹಿಡಿದಿದ್ದ ಕೂದಲು ಕೈತಪ್ಪಿ ಮತ್ತೆ ಹರಡಿಕೊಂಡಿತು.

“ಅಪ್ಪಾ, ಒಂದು ಕೇಳ್ಲಾ?” ಎಂದಳು ಮಗಳು.

“ಇರು ಮರಿ, ಇದೊಂದು ಮುಗೀಲಿ” ಎಂದೆ ನಾನು.

ನನ್ನ ಗಂಡ ಮಾರುವುದು ಇದನ್ನೇ. ಬಸ್ಸು, ಲಾರಿ, ಕಾರು ಯಾವುದೇ ಆಗಲಿ, ಎಂಜಿನ್ ಎಣ್ಣೆಯನ್ನು ಸೋಸಲು ಒಳಗೊಂದು ಫಿಲ್ಟರು ಇರುತ್ತದೆ. ಸಾಮಾನ್ಯವಾಗಿ ಅದು ಕಾಗದದ್ದು. ಕೊಳೆ ತುಂಬಿದ ಮೇಲೆ ಎಸೆದು ಬೇರೆ ಹಾಕುತ್ತಾರೆ. ಇವರದು ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ. ಲೋಟದಷ್ಟು ಎತ್ತರ, ಸುತ್ತಲೂ ಒತ್ತೊತ್ತಾಗಿ ನೆರಿಗೆ, ತಳ ಮುಚ್ಚಿದೆ, ಬಾಯಿ ತೆರೆದಿದೆ. ಕೊಳೆಯಾದರೆ ತೊಳೆದು ಮತ್ತೆ ಹಾಕಿಕೊಳ್ಳಬಹುದು. “ಬಂಡಿ ಗುಜರಿಗೆ ಹೋದ್ರೂ ಇದು ಹೋಗಲ್ಲ ಸಾರ್” ಎಂಬುದು ಅವರ ಮಾತು. ಅದು ಸುಳ್ಳೇನಲ್ಲ. ಮಾಲು ಗಟ್ಟಿಯದೇ. ಆದರೆ ತೊಳೆಯುವವರು ಯಾರು ಎಂದು ಯಾವ ಗಿರಾಕಿಯೂ ಕೇಳುವುದಿಲ್ಲ. ತೊಳೆಯುವುದು ನಾನು.

ಮೊದಲೆಲ್ಲ ಅಂಗಡಿಯ ಹಿಂದೆ ತೊಳೆಯುತ್ತಿದ್ದರು. ಮೋರಿಗೆ ಎಣ್ಣೆ ಬಿಡುತ್ತಾರೆಂದು ಅಕ್ಕಪಕ್ಕದವರು ಜಗಳ ತೆಗೆದ ಮೇಲೆ ಕೆಲಸ ಮನೆಗೆ ಬಂತು. ಈಗ ನನ್ನ ಸಿಂಕಿನ ಜಾಲಿಯ ಕೆಳಗೆ ಬೆರಳು ಹಾಕಿದರೆ ಕರಿ ಅಂಟು ಬರುತ್ತದೆ. ಪಾತ್ರೆ ಉಜ್ಜುವ ನಾರಿನಲ್ಲಿ ಅದೇ ವಾಸನೆ, ಕೈ ಒರೆಸುವ ಬಟ್ಟೆಯಲ್ಲಿ ಅದೇ ವಾಸನೆ. ಹಿಟ್ಟು ಕಲಸುವಾಗ ಉಗುರಿನ ಸಂದಿಯಿಂದ ಬೂದುಬಣ್ಣದ ಗೆರೆಯೊಂದು ಹಿಟ್ಟಿಗೆ ಇಳಿದದ್ದು ಕಂಡು ಅಷ್ಟನ್ನೂ ಕಿತ್ತು ಬಿಸಾಡಿದ್ದೆ. ದಿನಾ ಕಿಟಕಿಗೆ ಬಂದು ಮ್ಯಾಂವ್ ಎನ್ನುತ್ತಿದ್ದ ಬೆಕ್ಕು ಈಗ ನಾನು ಕೈ ಚಾಚಿದರೆ ಮೂಸಿ, ಮುಖ ಸಿಂಡರಿಸಿ ಹೋಗುತ್ತದೆ. ಕಸದ ತೊಟ್ಟಿಯಲ್ಲಿ ತಿನ್ನುವ ಬೆಕ್ಕು ಅದು.

ಅತ್ತೆ ಮಾತ್ರ ಎಲ್ಲವನ್ನೂ ನಗೆಯಲ್ಲಿ ತೇಲಿಸುತ್ತಾರೆ. ಕುರ್ಚಿಯಲ್ಲಿ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದವರು ಡಬ್ಬಿ ನೋಡಿ ಶುರುಮಾಡಿದರು.

“ಬಂತಾ ಬೆಳಗಿನ ಪಾಯಸ?”

“ಅಮ್ಮಾ, ಸುಮ್ನಿರ್ತೀಯಾ?” ಎಂದರು ಇವರು.

“ನಂಗೇನಪ್ಪ, ಒಳ್ಳೇದೇ ಆಯ್ತು. ಈ ಮನೇಲಿ ಊಟದಲ್ಲೂ ಗ್ರೀಸು, ನೀರಲ್ಲೂ ಗ್ರೀಸು. ಮಂಡಿ ಕಿರುಗುಟ್ಟೋದು ಎಷ್ಟೋ ಕಮ್ಮಿ ಆಗಿದೆ.”

ಮಗಳು ನಗಲಿಲ್ಲ. ಅಜ್ಜಿಯ ಮಾತಿಗೆ ಬಿದ್ದು ಬಿದ್ದು ನಗುವ ಹುಡುಗಿ. ಒಂದು ಜಡೆ, ಒಂದು ಬಿಚ್ಚುಗೂದಲು ಹೊತ್ತು ಬಾಗಿಲಿಗೆ ಒರಗಿ ಅಪ್ಪನನ್ನೇ ನೋಡುತ್ತಿದ್ದಳು.

ಡಬ್ಬಿಯನ್ನು ಹಿಂದುಗಡೆಗೆ ಒಯ್ದು ಫಿಲ್ಟರನ್ನು ಎತ್ತಿದೆ. ಜೇನಿನ ಹಾಗೆ ಎಳೆಯೆಳೆಯಾಗಿ ಇಳಿಯಿತು. ಜೇನಿನ ಹೆಸರು ಯಾಕಾದರೂ ಬಾಯಿಗೆ ಬಂತೋ, ಇನ್ನು ಮೇಲೆ ಜೇನೂ ಬಾಯಿಗೆ ಹೋಗಲಿಕ್ಕಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿ ಅಲುಗಾಡಿಸಿದೆ. ಎಣ್ಣೆ ಹೊರಗಿನಿಂದ ಒಳಕ್ಕೆ ಸೋಸಿಹೋಗುತ್ತದಾದ್ದರಿಂದ ಕೊಳೆಯೆಲ್ಲ ಹೊರಮೈಗೆ, ನೆರಿಗೆಗಳ ಸಂದಿಗೆ ಕೂತಿರುತ್ತದೆ. ತಂತಿಯ ಬ್ರಷ್ಷು ಹಾಕುವ ಹಾಗಿಲ್ಲ, ಜಾಲರಿ ಹರಿಯುತ್ತದೆ. ಮೆತ್ತನೆಯದೇ ಬೇಕು. ಅದಕ್ಕೆಂದು ಇವರು ಹುಡುಕಿ ಕೊಟ್ಟದ್ದು ಮಗಳು ಕೂಸಾಗಿದ್ದಾಗ ಹಾಲಿನ ಬಾಟಲಿ ತೊಳೆಯುತ್ತಿದ್ದ ಬ್ರಷ್ಷನ್ನು. ಅದರ ಬಿಳಿ ಎಳೆಗಳೆಲ್ಲ ಈಗ ಹಲ್ಲು ಕೊಳೆತ ಬಾಯಿಯ ಹಾಗಿವೆ.

ಸಂದಿಯಿಂದ ಒಂದೊಂದೇ ಹೊರಬಂತು. ರಬ್ಬರಿನ ಚೂರು. ಕರಿದು ಕರಿದು ಗಟ್ಟಿಯಾದ ಮರಳಿನಂಥದ್ದು. ಯಾವುದೋ ಹುಳುವಿನ ಕಾಲು, ಅದು ಎಂಜಿನ್ ಒಳಗೆ ಹೋದದ್ದೋ ಡಬ್ಬಿಯಲ್ಲಿ ಬಿದ್ದದ್ದೋ. ಆಮೇಲೆ ಆ ಮಿನುಗು. ಲೋಹ ಸವೆದು ಉದುರಿದ ಪುಡಿ, ಮೀನಿನ ಹುರುಪೆಯ ಹಾಗೆ ಅಂಗೈಗೆ ಅಂಟುತ್ತದೆ, ಎಷ್ಟು ತೊಳೆದರೂ ಎಲ್ಲೋ ಒಂದು ಕಡೆ ಮಿನುಗುತ್ತಲೇ ಇರುತ್ತದೆ. ಸೋಪು ಹಾಕಿದೆ, ಬಿಸಿನೀರು ಸುರಿದೆ. ನೀರು ಕಾಮನಬಿಲ್ಲು ಬಿಡುವುದು ನಿಲ್ಲುವವರೆಗೆ ಸುರಿಯಬೇಕು. ಅದು ನಿಲ್ಲುವುದೇ ಇಲ್ಲ. ನಮಗೆ ಸಾಕಾಗುತ್ತದೆ, ಅಷ್ಟೆ.

ಬಿಸಿಲಿಗೆ ಹಿಡಿದಾಗ ಜಾಲರಿ ಬೆಳ್ಳಿಯ ಹಾಗೆ ಹೊಳೆಯಿತು. ಯಾರು ನೋಡಿದರೂ ತೊಳೆದ ಪಾತ್ರೆ ಎಂದೇ ಹೇಳಬೇಕು. ಮೂಗಿನ ಹತ್ತಿರ ತಂದೆ. ಒಳಗಿನಿಂದ ಆ ಸುಟ್ಟ ವಾಸನೆ ಸಣ್ಣಗೆ, ತಾನೆಲ್ಲೂ ಹೋಗಿಲ್ಲ ಎಂಬಂತೆ, ಬಂತು.

ಎಂಜಿನ್‌ಗೆ ಇಷ್ಟು ಶುದ್ಧವಾದರೆ ಬೇಕಾದಷ್ಟಾಯಿತು. ಎಂಜಿನ್ ಮೂಸುವುದಿಲ್ಲ. ನನಗೆ ಸಹಿಸಲಾಗದ್ದು ಇವರ ಇನ್ನೊಂದು ಆಟ.

ಗಿರಾಕಿ ಹಿಂದೆಮುಂದೆ ನೋಡುತ್ತಿದ್ದರೆ ಇವರು ಎಂಜಿನ್ನಿಂದ ಬಿಚ್ಚಿ ತೊಳೆದದ್ದು ಎನ್ನುತ್ತಾ ಚೀಲದಿಂದ ಫಿಲ್ಟರು ತೆಗೆದು, ಅಗಲವಾದ ಬಟ್ಟಲಿನಲ್ಲಿ ನಿಲ್ಲಿಸಿ, ಅದರ ಬಾಯಿಗೆ ಚಹಾ ಹೊಯ್ಯುತ್ತಾರೆ. ಚಹಾ ನೆರಿಗೆಗಳಿಂದ ಜಿನುಗಿ ಬಟ್ಟಲಿಗೆ ಇಳಿಯುತ್ತದೆ. ಅದನ್ನು ಲೋಟಕ್ಕೆ ಬಗ್ಗಿಸಿಕೊಂಡು ಎಲ್ಲರೆದುರು ಗಟಗಟ ಕುಡಿದು, ಮೀಸೆ ಒರೆಸಿ, “ನಿಮ್ಮ ಎಂಜಿನ್ ನನ್ನ ಹೊಟ್ಟೆಗಿಂತ ನಾಜೂಕಾ ಸಾರ್?” ಎನ್ನುತ್ತಾರೆ. ಜನ ಚಪ್ಪಾಳೆ ತಟ್ಟಿ ಮಾಲು ಕೊಂಡುಹೋಗುತ್ತಾರೆ. ಪೇಟೆಯಲ್ಲಿ ಇವರಿಗೆ ‘ಟೀ ಫಿಲ್ಟರು’ ಎಂದೇ ಹೆಸರು. ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮೊದಲ ಸಲ ಕಂಡಾಗ ನಾನು ಬಚ್ಚಲಿಗೆ ಓಡಿದ್ದೆ. ಕುಡಿದದ್ದು ಅವರು, ವಾಂತಿ ಮಾಡಿಕೊಂಡದ್ದು ನಾನು. ಎಣ್ಣೆ ಹೊರಗಿನಿಂದ ಒಳಕ್ಕೆ ಹೋಗುತ್ತದೆ, ಚಹಾ ಒಳಗಿನಿಂದ ಹೊರಕ್ಕೆ ಬರುತ್ತದೆ. ಅಂದರೆ ನನ್ನ ಬ್ರಷ್ಷಿಗೆ ಸಿಗದೆ ಉಳಿದದ್ದನ್ನೆಲ್ಲ ಚಹಾ ತಾನೇ ತೊಳೆದು ಲೋಟಕ್ಕೆ ತರುತ್ತದೆ. ಇದನ್ನು ಎಷ್ಟು ಸಲ ಹೇಳಿಲ್ಲ! “ಬಿಸಿ ಚಹಾ, ಎಲ್ಲಾ ಸತ್ತೋಗತ್ತೆ ಬಿಡೇ” ಎನ್ನುತ್ತಿದ್ದರು.

ಹೋದ ವಾರ ರಜೆಯೆಂದು ಮಗಳು ಅಪ್ಪನ ಜೊತೆ ಅಂಗಡಿಗೆ ಹೋಗಿದ್ದಳು. ಚೀಲ ಹಿಡಿದುಕೊಳ್ಳುವ ಕೆಲಸ ಅವಳದು. ಬಂದಾಗಿನಿಂದ ಈ “ಒಂದು ಕೇಳ್ಲಾ” ಶುರುವಾಗಿತ್ತು. ಅಪ್ಪನ ಬೆನ್ನಿಗೆ ನಿಂತು ಕೇಳುವಳು, ಅವರು ಫೋನಿನಲ್ಲಿ. ಊಟಕ್ಕೆ ಕೂತಾಗ ಬಾಯಿ ತೆರೆಯುವಳು, “ಬಾಯಲ್ಲಿ ತುತ್ತಿಟ್ಕೊಂಡು ಮಾತಾಡ್ಬೇಡ” ಎನ್ನುವರು.

ತೊಳೆದ ಫಿಲ್ಟರನ್ನು ಇಡಲು ಇವರ ಚೀಲ ತೆರೆದೆ. ಪಕ್ಕದ ಜೇಬಿನಲ್ಲಿ ಹಳದಿ ಫ್ಲಾನೆಲ್ ಬಟ್ಟೆಯ ಗಂಟೊಂದಿತ್ತು. ಬಿಚ್ಚಿದರೆ ಇನ್ನೊಂದು ಫಿಲ್ಟರು. ಮೂಸುವುದು ಈಗ ನನಗೆ ರೂಢಿಯೇ ಆಗಿಬಿಟ್ಟಿದೆ, ಮೂಸಿದೆ. ಎಣ್ಣೆಯಿಲ್ಲ, ಸೀಮೆಎಣ್ಣೆಯಿಲ್ಲ. ಬರೀ ಚಹಾದ ವಾಸನೆ. ನೆರಿಗೆಯ ಸಂದಿಯಲ್ಲಿ ಕಂದುಬಣ್ಣದ ಚಹಾ ಕರೆ, ಅಷ್ಟೆ. ಒಂದು ದಿನವೂ ಎಂಜಿನ್ ಕಾಣದ ಫಿಲ್ಟರು ಅದು.

ಇವರು ಆ ಹೊಲಸನ್ನು ಕುಡಿಯುತ್ತಾರೆಂದು ಇಷ್ಟು ದಿನ ನನಗೆ ಹೇಸಿಗೆಯಾಗುತ್ತಿತ್ತು. ಈಗ ಕುಡಿಯುವುದಿಲ್ಲವೆಂದು ಗೊತ್ತಾಗಿ ಅದಕ್ಕಿಂತ ಹೆಚ್ಚು ಹೇಸಿಗೆಯಾಯಿತು.

“ಏನ್ರೀ ಇದು?” ಎಂದೆ.

ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರು ನಕ್ಕರು. “ಅದು ಷೋಗೆ ಕಣೇ. ದಿನಾ ಎಂಜಿನ್ನಿಂದ ತೆಗೆದಿದ್ದರಲ್ಲಿ ಕುಡಿಯೋಕೆ ನಂಗೇನು ಹುಚ್ಚಾ?”

“ಮತ್ತೆ ಜನರಿಗೆ ತೊಳೆದಿದ್ದೇ ಅಂತ ಹೇಳ್ತೀರಲ್ಲ?”

“ತೊಳೆದಿದ್ದೇ. ಚಹಾ ಕುಡಿದ ಮೇಲೆ ತೊಳೀತೀನಲ್ಲ.”

ಒಳಗಿನಿಂದ ಅತ್ತೆ, “ಏನೋ ಅದು?” ಎಂದರು.

“ಏನಿಲ್ಲಮ್ಮ, ವ್ಯಾಪಾರದ ವಿಷ್ಯ.”

ಮಗಳು ಬಾಗಿಲಲ್ಲೇ ಇದ್ದಳು. ಹಳದಿ ಬಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಆಶ್ಚರ್ಯವಾಗಿರಲಿಲ್ಲ. ಚೀಲ ಹಿಡಿದದ್ದು ಅವಳಲ್ಲವೇ. ಹತ್ತಿರ ಕರೆದೆ. ಅಪ್ಪಿಕೊಳ್ಳೋಣವೆಂದರೆ ಮೊಣಕೈವರೆಗೆ ಕಪ್ಪು. ಕೈಗಳನ್ನು ಗಾಳಿಯಲ್ಲೇ ಹಿಡಿದು, ಗಲ್ಲಕ್ಕೆ ನನ್ನ ಗಲ್ಲ ತಾಗಿಸಿದೆ.

“ಈಗ ಕೇಳು ಕಂದ. ಏನದು?”

“ನಿನ್ನ ಹತ್ರ ಅಲ್ಲ. ಅಪ್ಪನ್ನೇ ಕೇಳ್ಬೇಕು.”

“ಹಾಗಾದ್ರೆ ಕೇಳು, ಇಲ್ಲೇ ಇದಾರಲ್ಲ.”

ಬೀದಿಯಲ್ಲಿ ಹಾರ್ನು ಕಿವಿ ಹರಿಯುವಂತೆ ಕೂಗಿತು. ಇವರು ಹಳದಿ ಗಂಟನ್ನು ನನ್ನ ಕೈಯಿಂದ ಕಿತ್ತುಕೊಂಡು ಓಡಿದರು.

ಬಸ್ ಮಾಲೀಕ ಹೊಟ್ಟೆಯನ್ನು ಮುಂದೆ ಕಳಿಸಿ ತಾನು ಹಿಂದೆ ಬರುವಂಥ ಮನುಷ್ಯ. ಕೂತವನೇ ಬಸ್ಸಿನ ಕೀಲಿಕೈಯನ್ನು ಕಿವಿಯೊಳಗೆ ಬಿಟ್ಟು, ಕಣ್ಣು ಮುಚ್ಚಿ ತಿರುವತೊಡಗಿದ. ಹೊರಗೆ ಬಂದದ್ದನ್ನು ನೋಡಿ ಕುರ್ಚಿಯ ತೋಳಿಗೆ ಒರೆಸಿದ. ಅತ್ತೆ ತಮ್ಮ ಕುರ್ಚಿಯನ್ನು ಕಿಟಕಿಯ ಕಡೆಗೆ ಸರಿಸಿಕೊಂಡರು.

“ಆಗ್ಲಿ, ಏನೋ ತೋರಿಸ್ತೀನಿ ಅಂದ್ರಲ್ಲ” ಎಂದ.

ಅವನ ಬಸ್ಸುಗಳಿಗೆಲ್ಲ ಸ್ಟೀಲಿನದು ಹಾಕಿಸುವುದೋ ಬೇಡವೋ ಎಂಬುದು ಮಾತು. ಒಂದು ಬಸ್ಸಿಗೆ ಹಾಕಿ ಓಡಿಸಿ ನೋಡಿದ್ದಾಗಿತ್ತು. ಅದರಿಂದ ಬಿಚ್ಚಿ ತಂದದ್ದೇ ನಾನು ಬೆಳಗ್ಗೆ ತೊಳೆದದ್ದು. ಇವರು ಶುರುಮಾಡಿದರು. ನಾನು ಕೈ ಉಜ್ಜಿ ತೊಳೆದು ಅಡುಗೆಮನೆಯಿಂದ ಚಹಾ ಕಳಿಸಿದೆ. ಬಟ್ಟಲು ಬಂತು, ಫಿಲ್ಟರು ನಿಂತಿತು, ಚಹಾ ಜಿನುಗಿತು. ಗಟಗಟ ಕುಡಿದು ಮೀಸೆ ಒರೆಸಿದರು. “ನಿಮ್ಮ ಎಂಜಿನ್ ನನ್ನ ಹೊಟ್ಟೆಗಿಂತ ನಾಜೂಕಾ ಸಾರ್?”

ಮಾಲೀಕ ಚಪ್ಪಾಳೆ ತಟ್ಟಲಿಲ್ಲ.

“ಇದು ನನ್ ಬಸ್ಸಿಂದಲ್ಲ.”

“ಅದೇ ಸಾರ್, ಅಂಥದ್ದೇ.”

“ಅಂಥದ್ದೇ ಅಂದ್ರೆ ಅದಲ್ಲ. ನಮ್ ಮೆಕ್ಯಾನಿಕ್ ಅದರ ಅಂಚಿಗೆ ಒಂದು ಗೀರು ಹಾಕಿದಾನೆ. ತರ್ರೀ ಇಲ್ಲಿ.”

ಇವರು ಅಡುಗೆಮನೆಗೆ ಬಂದರು. ಹಣೆಯಲ್ಲಿ ಬೆವರು. ನಾನು ತೊಳೆದದ್ದನ್ನು ಎತ್ತಿಕೊಂಡು, ನನ್ನ ಮುಖ ನೋಡದೆ, “ಚೆನ್ನಾಗಿ ತೊಳ್ದಿದೀಯ ತಾನೇ?” ಎಂದರು.

“ಎಂಜಿನ್‌ಗೆ ತೊಳ್ದಿದೀನಿ” ಎಂದೆ.

ಮಾಲೀಕ ಗೀರು ಹುಡುಕಿ ನೋಡಿ ತಲೆಯಾಡಿಸಿದ. “ಹೂಂ, ಇದೇ. ಪಾತ್ರೆ ಥರ ಇದೆಯಲ್ರೀ!” ಅವನಿಗೆ ನಿಜಕ್ಕೂ ಮೆಚ್ಚುಗೆಯಾಗಿತ್ತು. ಇವರಿಗೆ ಜೀವ ಬಂತು. ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಮಾಲು ತಾನೇ ಮಾರಿಕೊಳ್ಳುತ್ತಿತ್ತು. ಇವರ ಬಾಯಿ ನಿಲ್ಲಬೇಕಲ್ಲ.

“ಪಾತ್ರೇನೇ ಸಾರ್. ಮನೆ ಮಂದಿಯೆಲ್ಲ ಇದ್ರಲ್ಲೇ ಸೋಸ್ಕೊಂಡು ಕುಡೀಬಹುದು.”

“ಹೌದಾ?” ಮಾಲೀಕ ಹುಬ್ಬೇರಿಸಿದ. ಬಾಗಿಲಲ್ಲಿ ನಿಂತಿದ್ದ ಮಗಳ ಕಡೆಗೆ ಅದೇ ಕೀಲಿಕೈ ಚಾಚಿದ. “ನೀವು ವ್ಯಾಪಾರಸ್ಥರು ಕಣ್ರೀ, ಮಾಲು ಹೋಗತ್ತೆ ಅಂದ್ರೆ ಏನ್ ಬೇಕಾದ್ರೂ ಕುಡೀತೀರ. ಈ ಕೂಸಿಗೆ ಕೊಡಿ ನೋಡೋಣ. ಅವಳು ಕುಡಿದ್ರೆ ನನ್ ಎಲ್ಲಾ ಬಸ್ಸಿಗೂ ಹಾಕಿಸ್ತೀನಿ.”

ತಮಾಷೆಗೆ ಹೇಳಿದನೋ, ನಿಜಕ್ಕೋ, ಅವನಿಗೇ ಗೊತ್ತಿರಲಿಲ್ಲ. ಹೇಳಿ ತಾನೇ ಹಹಹ ಎಂದು ನಕ್ಕ. ಇವರೂ ನಕ್ಕರು. ಅವನ ನಗೆ ನಿಂತ ಮೇಲೂ ಇವರು ನಗುತ್ತಲೇ ಇದ್ದರು. ನಗುತ್ತಲೇ ಒಳಗೆ ಬಂದು ಹಾಲಿನ ಪಾತ್ರೆ ಎತ್ತಿಕೊಂಡರು.

“ರೀ, ಏನ್ ಮಾಡ್ತಿದೀರಾ?”

“ಒಂದೇ ಗುಟುಕು ಕಣೇ. ನೀನೇ ತಾನೇ ತೊಳೆದಿರೋದು?”

“ನಾನೇ ತೊಳೆದಿರೋದು. ಅದಕ್ಕೇ ಬೇಡ ಅಂತಿರೋದು. ಅದರಲ್ಲಿ ಏನೇನಿತ್ತು ಅಂತ ನೋಡಿದೋಳು ನಾನು.”

“ಅವನ ಮುಂದೆ ನನ್ ಮಾನ ತೆಗೀಬೇಡ.” ನನ್ನನ್ನು ಬದಿಗೆ ಸರಿಸಿ ಹೋದರು. ಜೋರಾಗಿಯೇನಲ್ಲ. ದಾರಿಯಲ್ಲಿದ್ದ ಮಣೆಯನ್ನು ಕಾಲಿನಿಂದ ಸರಿಸುತ್ತಾರಲ್ಲ, ಹಾಗೆ.

ಹಾಲು ಫಿಲ್ಟರಿನ ಬಾಯಿಗೆ ಬಿತ್ತು. ಒಳಗೆ ತುಂಬಿ, ನೆರಿಗೆ ನೆರಿಗೆಯಿಂದಲೂ ಜಿನುಗಿ, ಬೆಳ್ಳನೆಯ ಹನಿಗಳು ಸ್ಟೀಲಿನ ಮೈಮೇಲೆ ಇಳಿದವು. ನೋಡಲು ಎಷ್ಟು ಚೆಂದ! ಬಟ್ಟಲಿನಿಂದ ಮಗಳ ಲೋಟಕ್ಕೆ ಬಗ್ಗಿಸಿದರು. ನಾನು ಹಿಂದೆಯೇ ಹೋಗಿ ನಿಂತಿದ್ದೆ. ಚಹಾದಲ್ಲಿ ಕಾಣದೇ ಹೋಗುವುದು ಹಾಲಿನಲ್ಲಿ ಕಾಣುತ್ತದೆ. ಅಂಚಿನಲ್ಲಿ ಸೂಜಿಮೊನೆಯಷ್ಟು ಕಪ್ಪು ಒಂದು ನಿಧಾನ ಸುತ್ತುತ್ತಿತ್ತು. ಕಿಟಕಿಯ ಬೆಳಕು ಬಿದ್ದ ಕಡೆ ಕೆನೆಯ ಮೇಲೆ ನೇರಳೆ, ಹಸಿರು, ಮತ್ತೆ ನೇರಳೆ. ಲೋಟ ಅಲುಗಿದಾಗ ಆ ಬಣ್ಣಗಳೂ ಸಣ್ಣಗೆ ಅಲುಗಿದವು.

ಇವರಿಗೆ ಕಾಣಲಿಲ್ಲ ಎನ್ನಲಾರೆ. ನೋಡಿದರು. ನೋಡಿ, ಆ ಕಪ್ಪನ್ನು ಬೆರಳತುದಿಯಿಂದ ಎತ್ತಿ, ಯಾರಿಗೂ ಕಾಣದ ಹಾಗೆ ಪ್ಯಾಂಟಿಗೆ ಒರೆಸಿಕೊಂಡರು.

ಇಷ್ಟು ಹೊತ್ತು ತಡೆದುಕೊಂಡಿದ್ದ ನನಗೆ ಆ ಬೆರಳು ಕಂಡ ಮೇಲೆ ತಡೆಯಲಾಗಲಿಲ್ಲ. ಮುಂದೆ ಹೋಗಿ ಲೋಟದ ಬಾಯಿಯ ಮೇಲೆ ಅಂಗೈ ಇಟ್ಟೆ. “ಮಗು ಇದನ್ನ ಕುಡಿಯಲ್ಲ” ಎಂದೆ.

ಮಾಲೀಕ ಕೀಲಿಕೈ ಜೇಬಿಗೆ ಹಾಕಿಕೊಂಡ. “ಮನೆಯವರಿಗೇ ನಂಬಿಕೆ ಇಲ್ವಲ್ರೀ!”

“ಇವಳದು ಇದ್ದಿದ್ದೇ ಸಾರ್. ಎಲ್ಲದಕ್ಕೂ ಮೂಗು ಮುರಿಯೋ ಜಾತಿ. ನೀರನ್ನೂ ಮೂಸಿ ಕುಡೀತಾಳೆ.”

“ಕೈ ತೆಗಿಯೋ ಅವಳ ಮೇಲಿಂದ” ಎಂದರು ಅತ್ತೆ ಕಿಟಕಿಯ ಕಡೆಯಿಂದ. ಅವರ ದನಿಯಲ್ಲಿ ಈ ಸಲ ನಗೆಯಿರಲಿಲ್ಲ. ಆಗಲೇ ನನಗೂ ಗೊತ್ತಾದದ್ದು, ಇವರು ನನ್ನ ಮಣಿಕಟ್ಟು ಹಿಡಿದು ಲೋಟದ ಮೇಲಿಂದ ಎತ್ತುತ್ತಿದ್ದರು. ಬಾಯಿ ಮಾತ್ರ ಮಾಲೀಕನ ಕಡೆಗೆ ನಗುತ್ತಲೇ ಇತ್ತು.

“ಬಾ ಪುಟ್ಟಾ” ಎಂದರು ಮಗಳಿಗೆ, ಜೇನು ಸುರಿಯುವ ದನಿಯಲ್ಲಿ. “ನೀನು ಜಾಣೆ ಅಲ್ವಾ? ಅಪ್ಪನ ಮಾತು ಕೇಳ್ತೀಯಲ್ವಾ? ಒಂದೇ ಒಂದು ಗುಟುಕು. ಮಾಮ ನೋಡ್ತಿದಾರೆ.”

ಮಗಳು ಬಂದಳು. ಒಂದು ಜಡೆ ಮುಂದೆ, ಬಿಚ್ಚಿದ ಕೂದಲು ಕಣ್ಣಿನ ಮೇಲೆ. ನಾನು ಅವಳಿಗೂ ಲೋಟಕ್ಕೂ ನಡುವೆ ಸೇರಿಕೊಂಡು ಅವಳ ಹೆಗಲ ಮೇಲೆ ಕೈಯಿಟ್ಟೆ. ಉಜ್ಜಿದರೂ ಉಳಿದಿದ್ದ ನನ್ನ ಕೈಯ ಕಪ್ಪು ಅವಳ ಅಂಗಿಗೆ ಮೆತ್ತಿಕೊಂಡಿತು. ಮೆತ್ತಿಕೊಳ್ಳಲಿ ಎಂದುಕೊಂಡೆ. ಅವಳು ನನ್ನ ಪಕ್ಕದಿಂದ ಇಣುಕಿ ಲೋಟದೊಳಗೆ ನೋಡಿದಳು, ಬಹಳ ಹೊತ್ತು. ಆಮೇಲೆ ಕೂದಲು ಹಿಂದಕ್ಕೆ ತಳ್ಳಿಕೊಂಡು ಅಪ್ಪನ ಮುಖ ನೋಡಿದಳು. ಸಿಟ್ಟಿರಲಿಲ್ಲ, ಹಟವಿರಲಿಲ್ಲ. ತಪ್ಪು ತನ್ನದೇ ಇರಬಹುದೇನೋ, ತಾನೇ ಸರಿಯಾಗಿ ನೋಡಿರಲಿಕ್ಕಿಲ್ಲವೇನೋ ಎಂಬ ಆಸೆ ಇನ್ನೂ ಆ ಕಣ್ಣಲ್ಲಿತ್ತು.

“ಅಪ್ಪಾ” ಎಂದಳು. ಎಲ್ಲರಿಗೂ ಕೇಳುವಂತೆ, ಪಾಠ ಒಪ್ಪಿಸುವಂತೆ ಬಿಡಿಸಿ ಬಿಡಿಸಿ ಕೇಳಿದಳು. “ನೀನು ಯಾವತ್ತಾದ್ರೂ, ಒಂದೇ ಒಂದು ಸಲ ಆದ್ರೂ, ಅಮ್ಮ ತೊಳೆದಿರೋದ್ರಲ್ಲಿ ಸೋಸಿದ್ದನ್ನ ಕುಡಿದಿದೀಯಾ?”